ಬೆರಳಿನ ದೀಪ ಶಾಂತವಾದದ್ದು

ಸಂತೆಕಲ್ಲೂರು
ಮಂಗಳವಾರ, 18 ನವೆಂಬರ್ 2025

ಮೊಮ್ಮಗಳು ಅನುಪಮಾಗೆ ನಿನ್ನ ಅಜ್ಜಿಯ ಆಶೀರ್ವಾದ.

ನಾವಿಬ್ಬರೂ ಕ್ಷೇಮ. ನಿಮ್ಮ ತಾತನಂತೂ ಬೇಕಾದ್ದಕ್ಕಿಂತ ಹೆಚ್ಚೇ ಕ್ಷೇಮ. ರೊಟ್ಟಿ ದಪ್ಪವಾಯಿತೆಂದು ಬೆಳಿಗ್ಗೆಯೇ ಜಗಳ ತೆಗೆದಿದ್ದಾನೆ. ಕಾಗದ ತಡವಾಯಿತು, ಸಿಟ್ಟಾಗಬೇಡ. ಫೋನಿನಲ್ಲಿ ನೀನು ಅಳುತ್ತೀ, ನಾನು ಬೈಯುತ್ತೇನೆ, ಹೇಳಬೇಕಾದ್ದು ಉಳಿದೇ ಹೋಗುತ್ತದೆ. ನಾಲ್ಕನೇ ಇಯತ್ತೆಯ ಅಕ್ಷರ ಕೂಡಿಸಿಕೊಂಡು ಬರೆಯಲು ಇಷ್ಟು ದಿನ ಹಿಡಿಯಿತು.

ಅವತ್ತು ಆದದ್ದು ಇಷ್ಟು. ತಾತನದು ದಮ್ಮಿನ ಜೀವವೆಂದು, ಉಸಿರಿನ ಅಂಕಿ ತೋರಿಸುವ ಬೆರಳಿನ ಮಷೀನನ್ನು ನಿಮ್ಮ ಹೈದರಾಬಾದಿನ ಲ್ಯಾಬಿನಲ್ಲಿ ಮಾಡಿ ಕೊಟ್ಟು ಹೋಗಿದ್ದೆಯಲ್ಲ. ಮಧ್ಯಾಹ್ನ ಉಂಡು ಮಲಗಿದವನ ಬೆರಳಿಗೆ ಅದನ್ನು ಹಾಕಿ ಕೂತಿದ್ದೆ. ತೊಂಬತ್ತೈದು ಇತ್ತು. ನೋಡನೋಡುತ್ತಲೇ ಅಂಕಿ ಮೂಡುವ ಗಾಜು ಕಪ್ಪಾಯಿತು. ನಿನಗೆ ಫೋನು ಹಚ್ಚಿ, "ಅನೂ, ತಾತನ ಬೆರಳಿಂದು ಶಾಂತ ಆತವ್ವ" ಅಂದೆ. ದೀಪಕ್ಕೆ 'ಆರಿತು' ಅನ್ನುವ ಕೆಟ್ಟ ಮಾತು ನನ್ನ ಬಾಯಲ್ಲಿ ಬರುವುದಿಲ್ಲ, ನಮ್ಮಲ್ಲಿ ದೀಪ ಶಾಂತವಾಗುತ್ತದೆ. ನಿನಗೆ ಕೇಳಿಸಿದ್ದು ತಾತ ಶಾಂತ ಆದ, ತೀರಿಕೊಂಡ ಅಂತ. ಅಲ್ಲಿ ನಿನ್ನ ಅಳು, ಇಲ್ಲಿ ನನ್ನದು. ಪಕ್ಕದ ಮನೆಯ ಆಟೋ ಯೂನುಸ ಓಡಿ ಬಂದು, "ಲಿಂಗಸುಗೂರ ದವಾಖಾನಿಗೆ ಒಯ್ಯೂನೇನಮ್ಮಾ?" ಎಂದು ತಾತನ ಬಗಲಿಗೆ ಕೈ ಹಾಕಿದ. ಆಗ ಕಣ್ಣು ಬಿಟ್ಟ ಪುಣ್ಯಾತ್ಮ.

"ಯಾರ್ ಸತ್ತಾರಬೇ?"

"ನೀನ."

"ಹಂಗಾರ ಒಂದ್ ಚಾ ಮಾಡು."

ಫೋನು ಇನ್ನೂ ಬಂದ್ ಆಗಿರಲಿಲ್ಲ. ಅದನ್ನು ಕೇಳಿ ನೀನು ಅಳುವಿನಲ್ಲೇ ನಕ್ಕೆ. ಆಮೇಲೆ ಬಿಡಿಸಿ ಹೇಳಿದೆ. ಗಾಜಿನ ಹಿಂದೆ ಕೂತು ಅಂಕಿ ಮೂಡಿಸುವ ಚಿಪ್ಪು, ಬದಲಾಗದ ಅಂಕಿಯನ್ನೂ ಸೆಕೆಂಡಿಗೆ ಹತ್ತಾರು ಸಲ ಬರೆದು ಬರೆದು ಸೆಲ್ಲು ತಿಂದುಹಾಕುತ್ತದಂತೆ. ಅಂಕಿ ಅಲುಗದಿದ್ದರೆ ಬರೆಯಬೇಡ, ಗಾಜು ಶಾಂತ ಮಾಡಿ ಸುಮ್ಮನಿರು ಎಂದು ನೀನು ಅದಕ್ಕೆ ಕಲಿಸಿದ್ದೀಯಂತೆ. ತಾತನ ಉಸಿರು ನೆಟ್ಟಗಿತ್ತು, ಅದಕ್ಕೇ ಕಪ್ಪಾಯಿತು. ಹೇಳಿದ್ದನ್ನೇ ಹೇಳುವ ಚಟ ಬಿಡಿಸುವ ವಿದ್ಯೆ ನಿನಗೆ ಬರುವುದಾದರೆ ಮೊದಲು ನಿಮ್ಮ ತಾತನಿಗೆ ಹಚ್ಚು.

ಬೆಳಕು ಎಷ್ಟು ಬೇಕಾದರೂ ಇಳಿಸು, ಬರೆದ ಅಂಕಿ ಮಾತ್ರ ಗಾಜಿನ ಮೇಲೆ ಇರಲಿ ಎಂದು ನಾನು ಹಟ ಹಿಡಿದೆ. "ಆಗ್ತದ ಅಜ್ಜಿ, ಬರದದ್ದು ಹಂಗ ಉಳಿಯೋ ಗಾಜ್ ಬ್ಯಾರೇನ ಅದ, ಅದನ್ನ ಹಾಕ್ತೀನಿ" ಅಂದೆ ನೀನು. ಅವತ್ತು ನನಗೆ ನಿದ್ದೆ ಹತ್ತಿತು ಮಗಳೇ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಕೈಗುಣ ನೂರು ಮನೆಗೆ ಸಲ್ಲಲಿ.

ಇಂತಿ ನಿನ್ನ ಅಜ್ಜಿ
ಪಕೀರಮ್ಮ

ತಾ.ಕ.: ಅಂಕಿಗೆ ಯಾಕಷ್ಟು ಹಟ ಎಂದು ನೀನು ಕೇಳಿದಾಗ ಮಾತು ತಪ್ಪಿಸಿದೆ. ಕೊರೋನಾ ವರ್ಷ ಸಿಂಧನೂರಿನ ದವಾಖಾನೆಯಲ್ಲಿ ನಿಮ್ಮಪ್ಪ ಪಂಪಾಪತಿಯ ಬೆರಳಿಗೂ ಇಂಥದೇ ಒಂದು ಇತ್ತು. ಪಕ್ಕದಲ್ಲಿ ನಾನೊಬ್ಬಳೇ ಇದ್ದೆ. ಸೆಲ್ಲು ಮುಗಿದು ಗಾಜು ಕಪ್ಪಾದಾಗ ಚೀರಿದೆ. ಅವನು ಕಣ್ಣು ತೆರೆದು, "ಸೆಲ್ ಹೋಗ್ಯಾವ ಯಬೇ, ನಾ ಇನ್ನ ಅದೀನಿ" ಎಂದು ನಕ್ಕ. ಕೆಳಗಿಳಿದು ಹೋಗಿ ಹೊಸ ಸೆಲ್ಲು ತಂದು ಹಾಕಿದೆ. ಗಾಜಿಗೆ ಬೆಳಕು ಬಂತು. ಅಂಕಿ ಬರಲಿಲ್ಲ.