ದೇವಸಮುದ್ರದ ಮದುವೆ ಕ್ಯಾಸೆಟ್

22 ಫೆಬ್ರವರಿ 1999, ಸೋಮವಾರ

ಮೆಸ್ಸಿನಲ್ಲಿ ಇವತ್ತೂ ಚಿತ್ರಾನ್ನ. ಅರ್ಧ ಬಿಟ್ಟೆ, ರೂಮ್‌ಮೇಟ್ ಮುಸ್ಕಾನ್ ತಿಂದಳು. ಎಕನಾಮಿಕ್ಸ್ ಟೆಸ್ಟಿಗೆ ಹೋಗಲಿಲ್ಲ. ಏಕಾಂತಪ್ಪನವರು ಜೀಪು ಕಳಿಸಿದ್ದರು. ವಾರ್ಡನ್ ಒಂದು ಮಾತೂ ಕೇಳದೆ ಗೇಟ್ ತೆಗೆದರು.

ಮುಂದಿನ ತಿಂಗಳು ಹದಿನಾಲ್ಕಕ್ಕೆ ನಮ್ಮ ಕಡೆಯ ಲೀಡರ್ ತಿಪ್ಪೇರುದ್ರಪ್ಪ ಸಾಹೇಬರ ಕೊಲೆಯಾಗಿ ಒಂದು ವರ್ಷ. ಮೊಳಕಾಲ್ಮುರಿನಲ್ಲಿ ಪರದೆ ಕಟ್ಟಿ ಅವರ ಮೇಲೊಂದು ಡಾಕ್ಯುಮೆಂಟರಿ ತೋರಿಸುತ್ತಾರಂತೆ. ಬರೆಯುವವಳೂ ನಾನೇ, ಓದುವವಳೂ ನಾನೇ.

"ಸಾಹೇಬ್ರು ಓದಿಸಿದ ಹುಡುಗಿ. ನಿನ್ ದನಿ ಕೇಳಿದ್ರೆ ಜನ ಅಳ್ತಾರೆ ಕಣಮ್ಮ," ಅಂದರು ಏಕಾಂತಪ್ಪ. ಸಾಹೇಬರ ಬಲಗೈ ಆಗಿದ್ದವರು. ಈ ಸಲ ಎಲೆಕ್ಷನ್‌ಗೆ ಅವರ ಜಾಗದಲ್ಲಿ ಇವರೇ ನಿಲ್ಲುವುದು.

ನೋ ಎನ್ನಲಾಗಲಿಲ್ಲ. ಐದನೇ ಕ್ಲಾಸಿನಿಂದ ಹಾಸ್ಟೆಲ್ಲು, ಇಂಗ್ಲಿಷ್ ಮೀಡಿಯಮ್ಮು — ಎಲ್ಲ ಸಾಹೇಬರ ಕೃಪೆ. ಅವರು ಹೋದ ಮೇಲೆ ಏಕಾಂತಪ್ಪನವರದು. ಅಪ್ಪ ಸಾಹೇಬರ ಕಾರಿನ ಡ್ರೈವರ್ ಆಗಿದ್ದ. ಆ ದಿನವೂ.

26 ಫೆಬ್ರವರಿ

ಶಹನವಾಜ್ ಭಾಯ್ ವಿಡಿಯೋ ಅಂಗಡಿ. ಚಳ್ಳಕೆರೆಯ ಅರ್ಧ ಮದುವೆಗಳು ಇವರ ಬೀರುವಿನಲ್ಲಿವೆ. ಎಡಿಟಿಂಗ್ ಟಿವಿಯಲ್ಲಿ ಸಾಹೇಬರ ಫೋಟೋ ಹಾರ್ಟ್ ಆಕಾರದಲ್ಲಿ ತೆರೆದುಕೊಂಡಿತು, ಸುತ್ತ ಗುಲಾಬಿ ಉದುರಿದವು.

"ಭಾಯ್, ಇದು ಶ್ರದ್ಧಾಂಜಲಿ."

"ಅರೆ ಬೇಟಾ, ಈ ಮಿಷಿನ್‌ಗೆ ಶಾದಿ ಒಂದೇ ಗೊತ್ತು. ಸಾವು ಕಲಿಸಿಲ್ಲ ನಾನು."

ನಕ್ಕೆ. ಎಷ್ಟು ದಿನವಾಗಿತ್ತೋ.

2 ಮಾರ್ಚ್

ಏಕಾಂತಪ್ಪನವರು ಸ್ಕ್ರಿಪ್ಟ್ ತಿದ್ದಿದರು. 'ಹಂತಕರು ದಾರಿ ಕಾಯುತ್ತಿದ್ದರು' ಅಂತ ಬರೆದಿದ್ದೆ. ಹೊಡೆದು ಹಾಕಿ, ಕೆಂಪು ಪೆನ್ನಿನಲ್ಲಿ — 'ಚಾಲಕನು ಹೆದ್ದಾರಿ ಬಿಟ್ಟು ತಿರುಗಿಸಿದ ಆ ಒಂದು ತಿರುವು ನಮ್ಮ ನಾಯಕನನ್ನು ಬಲಿ ತೆಗೆದುಕೊಂಡಿತು.'

"ನಿಮ್ಮಪ್ಪನ ಹೆಸ್ರು ಹಾಕಿಲ್ಲ ನೋಡು. ಅಷ್ಟು ಮರ್ಯಾದೆ ಉಳಿಸೀನಿ."

ಮೈಕಿನ ಮುಂದೆ ಓದಿದೆ. ಮೂರು ಟೇಕ್. ಮೂರನೆಯದು ಓಕೆ ಆಯಿತು.

ಆ ದಿನ ಮಚ್ಚಿಗೆ ಅಡ್ಡ ಹಿಡಿದ ಅಪ್ಪನ ಎಡಗೈಯಲ್ಲಿ ಈಗ ಮೂರೇ ಬೆರಳು. ಆದರೂ ನಮ್ಮೂರು ಪರಶುರಾಂಪುರದ ಟೀ ಹೋಟೆಲಿನಲ್ಲಿ ಅಪ್ಪ ಕೂತರೆ ಬೆಂಚು ಖಾಲಿಯಾಗುತ್ತದೆ. ಸಾಹೇಬರನ್ನು ಮಾರಿಕೊಂಡವನು ಅಂತಾರೆ.

5 ಮಾರ್ಚ್

ಕಂಡಿದ್ದನ್ನು ಕಂಡ ಹಾಗೆ ಬರೆದುಬಿಡಬೇಕು.

ಸಾಹೇಬರ ಕೊನೆಯ ದೃಶ್ಯ ಬೇಕಿತ್ತು. ಕೊಲೆಗೆ ಮುಂಚೆ ಅವರು ದೇವಸಮುದ್ರದ ಮದುವೆಯಲ್ಲಿದ್ದರು. ಅದರ ಒರಿಜಿನಲ್ ಕ್ಯಾಸೆಟ್ ಶಹನವಾಜ್ ಭಾಯ್ ಹತ್ತಿರವೇ ಇತ್ತು. ಊಟದ ಪ್ರತಿ ಪಂಕ್ತಿಯನ್ನೂ ಶೂಟ್ ಮಾಡಬೇಕು, ಒಂದು ಬಿಟ್ಟರೂ ಬೀಗರು ಜಗಳಕ್ಕೆ ಬರುತ್ತಾರೆ. ಆಮೇಲೆ ಎಡಿಟಿಂಗ್‌ನಲ್ಲಿ ಅರ್ಧ ಕತ್ತರಿಸುತ್ತಾರೆ. ಕತ್ತರಿಸಿದ್ದನ್ನು ಯಾರೂ ನೋಡಿರಲಿಲ್ಲ.

ಕಡೇ ಪಂಕ್ತಿ. ಡ್ರೈವರ್‌ಗಳದ್ದು. ಅಪ್ಪ ಉಣ್ಣುತ್ತಿದ್ದಾನೆ, ಹತ್ತೂ ಬೆರಳು ಇವೆ. ಸಾರಿನ ಬಕೆಟ್ ಹಿಡಿದು ಬಡಿಸುತ್ತ ಬಂದವರು — ಏಕಾಂತಪ್ಪ. ಬಗ್ಗಿ, ಎಲೆಗೆ ಸಾರು ಬಿಟ್ಟು, ಅಪ್ಪನ ಕಿವಿಯ ಹತ್ತಿರ ಅಂದದ್ದು ಎದುರಿಗೇ ಇದ್ದ ಕ್ಯಾಮೆರಾದ ಮೈಕಿಗೆ ಸಿಕ್ಕಿದೆ: "ಪೆದ್ದಣ್ಣಾ, ವಾಪಸ್ ಹೋಗ್ವಾಗ ಕೊಂಡ್ಲಹಳ್ಳಿ ಒಳದಾರಿ ಹಿಡಿ. ರಸ್ತೆ ಚೆನ್ನಾಗೈತೆ."

ಚಿತ್ರದ ಮೂಲೆಯಲ್ಲಿ ಆ ದಿನದ ತಾರೀಖು, ಟೈಮು. 2:17.

ಆ ದಿನ ದಾವಣಗೆರೆಯಲ್ಲಿದ್ದೆ ಅಂತ ಏಕಾಂತಪ್ಪ ಪೊಲೀಸರಿಗೆ ಹೇಳಿದ್ದಾರೆ. ನಮ್ಮ ಡಾಕ್ಯುಮೆಂಟರಿಯಲ್ಲೂ ಹೇಳಿದ್ದಾರೆ, ಕಣ್ಣೊರೆಸಿಕೊಂಡು. ಪಂಕ್ತಿಯಲ್ಲಿ ಮೂವತ್ತು ಜನ ಉಂಡಿದ್ದಾರೆ. ಒಬ್ಬರೂ ಬಾಯಿ ಬಿಟ್ಟಿಲ್ಲ.

ಮೂವತ್ತರಲ್ಲಿ ಅಪ್ಪನೂ ಒಬ್ಬ.

7 ಮಾರ್ಚ್, ಭಾನುವಾರ, ಊರು

ಕೇಳಿಯೇಬಿಟ್ಟೆ. ಅಪ್ಪ ಬೀಡಿ ಆರಿಸಿದ.

"ಹೇಳಿದ್ದು ಅವ್ರು. ತಿರುಗ್ಸಿದ್ದು ನಾನು. ಗೊತ್ತಿರ್ಲಿಲ್ಲ ತಾಯಿ."

"ಆಮೇಲೆ ಯಾಕೆ ಹೇಳಲಿಲ್ಲ?"

ರೊಟ್ಟಿ ತಟ್ಟುತ್ತಿದ್ದ ಅವ್ವ ತಿರುಗದೇ ಅಂದಳು — "ಅವ್ರೇ ಆಸ್ಪತ್ರೆಗೆ ಬಂದಿದ್ರು. ಮಗಳು ಹಾಸ್ಟೆಲ್ನಾಗೆ ಒಬ್ಳೇ ಅದಾಳೆ, ಹುಷಾರು ಅಂದ್ರು. ಓದು ನಾನು ನೋಡ್ಕಂತೀನಿ ಅಂದ್ರು. ಎರಡೂ ಒಂದೇ ಉಸಿರಿಗೆ."

ಪೊಲೀಸಿಗೆ ಕೊಡೋಣ ಅಂದೆ. ಅಪ್ಪ ನಕ್ಕ. "ಸ್ಟೇಷನ್ನಿನ ಆಯುಧಪೂಜೆಗೆ ಕಾಯಿ ಒಡೆದೋರು ಯಾರು ಗೊತ್ತೇನು?"

ಒಂದು ವರ್ಷ ನಾನು ಉಂಡಿದ್ದು ಅಪ್ಪನ ಬಾಯಿ ಮುಚ್ಚಿಸಿದ ಅನ್ನ. ಆ ಮೂರನೇ ಟೇಕ್... ನನ್ನದೇ ದನಿ.

12 ಮಾರ್ಚ್

ಶಹನವಾಜ್ ಭಾಯ್‌ಗೆ ಹೇಳಿದೆ. ನನ್ನ ಆ ಸಾಲು ತೆಗೆಯಿರಿ, ಆ ಜಾಗಕ್ಕೆ ಪಂಕ್ತಿಯ ಸೀನ್ ಹಾಕಿ. ಸೌಂಡ್ ಸಮೇತ. ಸಾವಿರ ಜನ ಒಟ್ಟಿಗೆ ನೋಡಿದರೆ ಯಾರೂ ನೋಡಿಲ್ಲ ಅನ್ನಲಾಗದು.

ಬಾಗಿಲ ಕಡೆ ನೋಡಿದರು. "ನನಗೂ ಮಕ್ಕಳವೆ ಬೇಟಾ." ಆದರೂ ಮಾಡಿದರು. ಈ ಸಲ ಹಾರ್ಟ್ ಇಲ್ಲ, ಗುಲಾಬಿ ಇಲ್ಲ. ಕ್ಯಾಸೆಟ್ ಕೊಟ್ಟವರೇ ಶಟರ್ ಎಳೆದು, ಹೆಂಡತಿ ಮಕ್ಕಳ ಜೊತೆ ಬಳ್ಳಾರಿ ಬಸ್ ಹತ್ತಿದರು.

ಹತ್ತುವಾಗ ಹೇಳಿದರು — ಎಡಿಟಿಂಗ್ ಮುಗಿಸಿದ ಮೇಲೆ ಏಕಾಂತಪ್ಪ ಬಂದಿದ್ದರಂತೆ. ಸಾಹೇಬರ ನೆನಪಿಗೆ ಇರಲಿ ಅಂತ ಮದುವೆಯ ಒರಿಜಿನಲ್ ಕ್ಯಾಸೆಟ್ ಕೇಳಿ ತಗೊಂಡು ಹೋದರಂತೆ.

ಅಂದರೆ ಇರುವುದು ಈಗ ಇದೊಂದೇ. ನನ್ನ ಬ್ಯಾಗಿನಲ್ಲಿ.

14 ಮಾರ್ಚ್, ಮಧ್ಯಾಹ್ನ ಮೂರೂವರೆ, ಹಾಸ್ಟೆಲ್

ಅಪ್ಪ ಬಂದು ಗೇಟಿನ ಹತ್ತಿರ ನಿಂತಿದ್ದಾನೆ. ಬಿಳಿ ಅಂಗಿ, ಇಸ್ತ್ರಿ ಮಾಡಿದ್ದು. ಇಬ್ಬರೂ ಬಸ್ಸಿನಲ್ಲಿ ಮೊಳಕಾಲ್ಮುರಿಗೆ ಹೋಗುವುದು ಅಂತ ಮಾತಾಗಿತ್ತು.

ಜೀಪು ಬಂತು. ನಾವು ಕರೆದಿರಲಿಲ್ಲ. ಏಕಾಂತಪ್ಪ ತಾವೇ ಇಳಿದರು, ಹಿಂದೆ ಇನ್ನಿಬ್ಬರು. ಕಿಟಕಿಯಿಂದ ಎಲ್ಲ ಕೇಳುತ್ತಿದೆ.

"ಮಗ್ಳು ಕ್ಯಾಸೆಟ್ ತಂದಾಳೇನು? ಕರಿ. ಬಸ್ ಯಾಕೆ, ಒಟ್ಟಿಗೇ ಹೋಗಾಣ. ತಗಾ ಕೀ, ನೀನೇ ಓಡ್ಸು ಪೆದ್ದಣ್ಣಾ, ಕೈ ಮರ್ತಿಲ್ಲ ತಾನೇ? ಕೊಂಡ್ಲಹಳ್ಳಿ ಒಳದಾರಿ ಹಿಡಿ. ರಸ್ತೆ ಚೆನ್ನಾಗೈತೆ."

ಅಪ್ಪ ಕೀ ಹಿಡಿದು ಕಿಟಕಿಯ ಕಡೆ ನೋಡುತ್ತಿದ್ದಾನೆ. ತಲೆ ಆಡಿಸುತ್ತಿದ್ದಾನೆ — ಬಾ ಅಂತಲೋ, ಬೇಡ ಅಂತಲೋ.

ಮುಸ್ಕಾನ್ ಪಕ್ಕದಲ್ಲೇ ಇದ್ದಾಳೆ. ಈ ಪುಸ್ತಕ ಅವಳ ಟ್ರಂಕಿಗೆ. ಕ್ಯಾಸೆಟ್ಟೂ ಅವಳ ಟ್ರಂಕಿಗೆ. ನನ್ನ ಬ್ಯಾಗಿಗೆ ಖಾಲಿ ಡಬ್ಬಿ ಸಾಕು. ವಾಪಸ್ ಬರದಿದ್ದರೆ ಇದನ್ನು