ಡಬ್ಬದ ಯಜಮಾನರ ಸಾಕ್ಷಿ

ಗುರುವಾರ, ೧೯. ಮಲಗುವ ಮುಂಚೆ.

ದಿವಾಳಿಯೆದ್ದ ಬಿಸ್ಕತ್ತು ಕಂಪನಿಯಿಂದ ನಾನು ಮಾಡಿದ ಓವನ್ ರಿಪೇರಿಯ ದುಡ್ಡು ಇನ್ನು ಬರುವುದಿಲ್ಲವೆಂದು ಆಸೆ ಬಿಟ್ಟಿದ್ದೆ. ಇವತ್ತು ವಿಚಾರಣೆಯಲ್ಲಿ ಕೋರ್ಟು ನೇಮಿಸಿದ ಅಧಿಕಾರಿ ನನ್ನ ಬಾಕಿಯನ್ನು ಒಪ್ಪಿಕೊಂಡರು. ಇನ್ನೂ ನಂಬಿಕೆ ಬರುತ್ತಿಲ್ಲ.

"ಈಯಮ್ಮ ಮಾಡಿದ ರಿಪೇರಿ ಸರಿ ಇರ್ಲಿಲ್ಲ, ಬಿಸ್ಕತ್ತೆಲ್ಲ ಸೀದು ಹೋಗ್ತಿತ್ತು" ಎಂದು ಹಳೇ ಮ್ಯಾನೇಜರ್ ಮುಖಕ್ಕೆ ಹೊಡೆದ ಹಾಗೆ ಹೇಳಿದ. ಅಧಿಕಾರಿ ನನ್ನ ಕಡೆ ನೋಡಿದರು. ಬಾಯಿ ಒಣಗಿ ಮಾತೇ ಹೊರಡಲಿಲ್ಲ. ಮನೆಯಲ್ಲಿ ಮಾತ್ರ ಜೋರು ನಾನು!

ಆಗ ಕಂಪನಿಗೆ ರಟ್ಟಿನ ಡಬ್ಬ ಪೂರೈಸುತ್ತಿದ್ದ ಯಜಮಾನರು ಹಿಂದಿನ ಬೆಂಚಿನಿಂದ ಎದ್ದು ನಿಂತರು. "ಸಾರ್, ರಿಪೇರಿ ಆದ್ಮೇಲೆ ಕಂಪನಿಯವರು ನನ್ನ ಹತ್ರ ಮುಂಚಿಗಿಂತ ಎರಡರಷ್ಟು ಡಬ್ಬ ತಗೊಂಡ್ರು. ಸೀದಿರೋದನ್ನ ಯಾರಾದ್ರೂ ಡಬ್ಬಕ್ಕೆ ತುಂಬ್ತಾರಾ?"

ಅಧಿಕಾರಿ ಡಬ್ಬದ ಬಿಲ್ಲುಗಳನ್ನು ತರಿಸಿ ತಾಳೆ ನೋಡಿ ಒಪ್ಪಿದರು.

ಯಜಮಾನರಿಗೂ ಬಾಕಿ ಬರಬೇಕು. ಯಂತ್ರಗಳನ್ನು ಮಾರಿ ಬಂದ ದುಡ್ಡನ್ನೇ ನಾವೆಲ್ಲ ಹಂಚಿಕೊಳ್ಳಬೇಕು. ನಾನೊಬ್ಬಳು ಸೇರಿದರೆ ಅವರ ಪಾಲು ಅಷ್ಟು ಕಡಿಮೆ. ಮೆಟ್ಟಿಲ ಹತ್ತಿರ ನಿಲ್ಲಿಸಿ ಕೇಳಿದೆ: "ಅಣ್ಣಾ, ನಿಮಗೇ ನಷ್ಟ ಅಲ್ವಾ?"

"ಇರ್ಲಿ ಬಿಡಮ್ಮ. ಆ ಬಿಸ್ಕತ್ತು ಒಳ್ಳೆ ಹದವಾಗಿ ಬೆಂದಿರ್ತಿತ್ತು. ಕಂಪನಿ ಮುಚ್ಚಿದ್ಮೇಲೆ ನಮ್ಮನೆಯವಳು ಬೇರೆ ಬಿಸ್ಕತ್ತೇ ಮುಟ್ಟಿಲ್ಲ."

ದುಡ್ಡು ಎಷ್ಟು ಕೈಸೇರುತ್ತದೋ ಗೊತ್ತಿಲ್ಲ. ಈ ಮಾತು ಮಾತ್ರ ಪೂರ್ತಿ ನನ್ನದು, ಇದರಲ್ಲಿ ಯಾರಿಗೂ ಪಾಲಿಲ್ಲ.

ಗಡಿಬಿಡಿಯಲ್ಲಿ ಅವರಿಗೊಂದು ಥ್ಯಾಂಕ್ಸ್ ಕೂಡ ಹೇಳಲಿಲ್ಲ. ಮುಂದಿನ ವಾರ ಅವರ ಬಾಕಿಯ ವಿಚಾರಣೆ. ಅಲ್ಲಿಗೂ ಆ ಮ್ಯಾನೇಜರ್ ಬಂದೇ ಬರುತ್ತಾನೆ. ಬರಲಿ. ಬಾಯಿ ಒಣಗಿದರೂ ಸರಿ, ಈ ಸಲ ನಾನು ಎದ್ದು ನಿಂತು...