ಸೀರೆ ಬದಲಿಸುವ ಮೊದಲು

೯ ನವೆಂಬರ್ ೨೦೦೩, ಭಾನುವಾರ

ಮಣಿಪಾಲದ ಫೋಟೋಗ್ರಫಿ ಕ್ಲಾಸಿನಲ್ಲಿ ಸರ್ ನಿನ್ನೆ ಅಂದದ್ದು ಇನ್ನೂ ಚುಚ್ಚುತ್ತಿದೆ: "ನಿಮ್ಮ ಫೋಟೋದಲ್ಲಿ ಎಲ್ಲರೂ ವೋಟರ್ ಕಾರ್ಡಿಗೆ ನಿಂತ ಹಾಗೆ ಉಂಟು." ನಲವತ್ತರ ಮೇಲೆ ನನಗೆ ಇದೆಲ್ಲ ಬೇಕಿತ್ತೇ?

ನಾನೇನು ಮಾಡಲಿ, ಕ್ಯಾಮೆರಾ ಕಂಡರೆ ಸಾಕು, ಅತ್ತೆ ಸೀರೆ ಬದಲಿಸಲು ಓಡುತ್ತಾರೆ. ಇವತ್ತು ಕ್ಯಾಮೆರಾ ಬದಿಗಿಟ್ಟು ಅಂಗಳದಲ್ಲಿ ಅವರ ಜೊತೆ ಬೂತಾಯಿ ಮೀನು ಕೊಯ್ಯಲು ಕೂತೆ. ಸರ್ ಅಂದದ್ದನ್ನು ಹೇಳಿದೆ. ಬಿದ್ದು ಬಿದ್ದು ನಕ್ಕರು, ನಾನೂ ನಕ್ಕೆ. ಹಲ್ಲಿಲ್ಲದ ಆ ನಗುವಿನ ಮೇಲೆ ಸಂಜೆಯ ಬಿಸಿಲು. ನನ್ನ ಕೈಯೆಲ್ಲ ಮೀನಿನ ರಕ್ತ. ಫೋಟೋ ತಪ್ಪಿತು, ಬೇಸರವೇ ಆಗಲಿಲ್ಲ. ಮದುವೆಯಾಗಿ ಬಂದ ಮೇಲೆ ನಾವಿಬ್ಬರು ಹೀಗೆ ನಕ್ಕದ್ದೇ ಇರಲಿಲ್ಲ.

ಅಷ್ಟರಲ್ಲಿ ಅತ್ತೆ ಕೈ ತೊಳೆದು ಬಂದು ಕ್ಯಾಮೆರಾ ಎತ್ತಿಕೊಂಡರು. "ಎಲ್ಲಿ ಒತ್ತುವುದು?"

ನಾನು ತಟ್ಟನೆ ಎದ್ದು, ಸೆರಗು ಸರಿಮಾಡಿ, ನೆಟ್ಟಗೆ ನಿಂತೆ.

"ಎಂತ ಮಾರಾಯ್ತಿ," ಅಂದರು, "ವೋಟರ್ ಕಾರ್ಡಿಗಾ?"